ಲಾಂಜಿನಲ್ಲಿ ಖಾಲಾನ ಇಫ್ತಾರ್

ನವಲಗುಂದದಲ್ಲಿ ಕ್ರೆಡಿಟ್ ಕಾರ್ಡ್ ತಗೊಂಡವರು ಬೇಕಾದಷ್ಟು ಜನ ಇದ್ದಾರೆ. ಜಮಖಾನದ ಮಗ್ಗದ ಬಾಜು ಕೂತು, ಯಾವ ಕಾರ್ಡಿಗೆ ವಿಮಾನ ನಿಲ್ದಾಣದಲ್ಲಿ ಊಟ ಪುಕ್ಕಟೆ ಸಿಗುತ್ತದೆ ಎಂದು ತಲೆ ಕೆಡಿಸಿಕೊಂಡವಳು ಮಾತ್ರ ನಾನೊಬ್ಬಳೇ ಇರಬೇಕು.

ನಮ್ಮ ಓಣಿಯ ಹೆಂಗಸರು ನೇಯ್ದ ಜಮಖಾನಗಳನ್ನು ದೊಡ್ಡ ಊರುಗಳ ಮೇಳಕ್ಕೆ ಒಯ್ದು ಮಾರುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿದರೆ ಬೆಂಗಳೂರಿನಲ್ಲಿ ಇಳಿದು ಇನ್ನೊಂದಕ್ಕೆ ತಾಸುಗಟ್ಟಲೆ ಕಾಯಬೇಕು. ಅಲ್ಲಿ ಲಾಂಜ್ ಅಂತ ಒಂದಿದೆ. ಕಾರ್ಡ್ ಇದ್ದವರು ಒಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂತು ಬೇಕುಬೇಕಾದ್ದು ತಿನ್ನುತ್ತಾರೆ, ಇಲ್ಲದವರು ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ಕೂತು ದುಬಾರಿ ಚಹಾ ಕುಡಿಯುತ್ತಾರೆ. ಹೊರಗೆ ಕೂತು ಕೂತು ನನಗೆ ಸುಮ್ಮನೆ ಹೊಟ್ಟೆಕಿಚ್ಚು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಕಾರ್ಡಿನ ಆಸೆ ಹುಟ್ಟಿದ್ದು ಆ ಕಿಚ್ಚಿನಿಂದಲೇ.

ಹೋದ ವರ್ಷ ದೆಹಲಿಯ ಮೇಳದವರು, ಆರೇಳು ತಿಂಗಳು ಮೊದಲೇ, ಮಾರುವವರ ಜೊತೆ ನೇಯುವವರೂ ಒಬ್ಬರು ಬರಲಿ ಎಂದರು. ನನ್ನ ತಾಯಿಯ ತಂಗಿ, ನನ್ನ ಖಾಲಾ, ಬರುತ್ತೇನೆಂದಳು. ವಿಮಾನವನ್ನು ಆಕೆ ನೋಡಿದ್ದು ಆಕಾಶದಲ್ಲಷ್ಟೇ. ಮೇಳ ಬಂದದ್ದು ರಂಜಾನ್ ತಿಂಗಳಲ್ಲಿ. ಪ್ರಯಾಣ ಮಾಡುವವರು ಆ ದಿನದ ರೋಜಾ, ಅಂದರೆ ಉಪವಾಸ, ಬಿಟ್ಟು ಮುಂದೆ ಹಿಡಿಯಬಹುದು ಎಂದು ನಾನು ಹೇಳಿದೆ. ಖಾಲಾ ನೂಲಿನ ಮೇಲೆ ಪಂಜಾ ಎಂಬ ಕಬ್ಬಿಣದ ಹಣಿಗೆ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಮ್ಮ ಮನೆ ಮಾತು ಉರ್ದು. ಓಣಿಯ ಕನ್ನಡವೂ ಅದರ ಜೊತೆ ಬೆರೆತೇ ಇರುತ್ತದೆ, ಖಾಲಾನಿಗೆ ಸಿಟ್ಟು ಬಂದರಂತೂ ಅದೇ ಮುಂದೆ ಬರುತ್ತದೆ.

"ಕುಂತು ಹೋಗೂದಕ್ಕ ಎಂಥಾ ದಣಿವಬೇ? ವಿಮಾನ ನಾ ಏನ್ ನೂಕ್ತೀನೇನು?"

ಬೆಂಗಳೂರಿನಲ್ಲಿ ಸರಿಯಾಗಿ ಮಗ್ರಿಬ್ ಹೊತ್ತಿಗೆ, ಸೂರ್ಯ ಮುಳುಗಿ ರೋಜಾ ಬಿಡುವ ಹೊತ್ತಿಗೆ, ಕಾಯುವುದಿತ್ತು. ಖಾಲಾನ ಇಫ್ತಾರ್ ಲಾಂಜಿನಲ್ಲೇ ಆಗಬೇಕೆಂದು ನಾನು ಹಟ ಹಿಡಿದೆ. ಹುಬ್ಬಳ್ಳಿಯ ಬ್ಯಾಂಕಿನ ಹುಡುಗ ಎರಡು ಕಾರ್ಡು ತೋರಿಸಿದ. ಒಂದಕ್ಕೆ ವರ್ಷದ ಫೀಸೇ ಇಲ್ಲ, ಆದರೆ ಒಳಗೆ ಬಿಡುವುದು ನನ್ನೊಬ್ಬಳನ್ನೇ. ಇನ್ನೊಂದು ಕಪ್ಪು ಬಣ್ಣದ್ದು, ಜೊತೆಗೊಬ್ಬರನ್ನು ಕರೆದೊಯ್ಯಬಹುದು, ಫೀಸು ಕೇಳಿದರೆ ಎದೆ ಧಸಕ್ಕೆನ್ನಬೇಕು. ನಾನು ವಾರಗಟ್ಟಲೆ ಅದಕ್ಕಿಂತ ಇದು, ಇದಕ್ಕಿಂತ ಅದು ಎನ್ನುತ್ತ ಕೂತೆ. ಕೊನೆಗೆ ಆ ಹುಡುಗನೇ ದಾರಿ ತೋರಿಸಿದ.

"ಮೇಡಮ್, ನಿಮ್ಮ ಕಡಿಂದ ಒಬ್ಬರನ್ನ ಹೊಸಾ ಕಾರ್ಡಿಗೆ ಸೇರಿಸಿಕೊಡ್ರಿ. ಕಪ್ಪು ಕಾರ್ಡಿನ ಫೀಸು ಮಾಫ್ ಮಾಡಸ್ತೇನ್ರಿ."

ಒಬ್ಬರು ಅಂದರೆ ಯಾರು? ಖಾಲಾನ ಮಗನೇ ಕಣ್ಣಿಗೆ ಬಿದ್ದ. ಅಣ್ಣಿಗೇರಿಯಲ್ಲಿ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಾದರೆ ಪಗಾರ ಬರುತ್ತದೆ. "ಒಂದು ಕಾರ್ಡ್ ಮಾಡಸಪಾ, ನಿಮ್ಮ ಅಮ್ಮೀನ್ನ ಲಾಂಜಿಗೆ ಕರಕೊಂಡು ಹೋಗ್ತೀನಿ" ಎಂದೆ. ಅವನು ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. "ನೀ ಹೇಳಿದಿ ಅಂದ್ರ ಆತಲ್ಲ, ಆಪಾ" ಎಂದು ಅಕ್ಕನ ಮಾತಿಗೆ ಸಹಿ ಹಾಕಿದ. ನನ್ನ ಕಾರ್ಡು ಬಂತು. ಅವನದೂ ಬಂತು. ನನ್ನದರ ಷರತ್ತುಗಳನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ. ಅವನಿಗೆ ನಾಲ್ಕು ಮಾತು ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅವನು ಆ ಕಾರ್ಡಿನಲ್ಲಿ ಫ್ರಿಜ್ ತಂದ, ಹೆಂಡತಿಗೆ ಹೊಲಿಗೆ ಯಂತ್ರ ತಂದ. ನಮ್ಮ ಕಡೆ ಇಂಥವನ್ನೆಲ್ಲ ಅಂಗಡಿಯಿಂದ ಕಂತಿನ ಮೇಲೆ ತರುವುದು ರೂಢಿ. ಅಂಗಡಿಯವ ಹೇಳಿದಷ್ಟನ್ನು ತಿಂಗಳು ತಿಂಗಳು ಕಟ್ಟುತ್ತ ಹೋದರೆ ಒಂದು ದಿನ ಸಾಮಾನು ನಮ್ಮದಾಗುತ್ತದೆ. ಕಾರ್ಡಿನವರು ಕನಿಷ್ಠ ಇಷ್ಟು ಕಟ್ಟಿ ಎಂದು ಕಳಿಸುತ್ತಿದ್ದುದನ್ನು ಅವನು ಕಂತು ಎಂದೇ ತಿಳಿದ. ತಪ್ಪದೆ ಕಟ್ಟಿದ, ಒಂದು ದಿನವೂ ತಡ ಮಾಡಲಿಲ್ಲ. ಫ್ರಿಜ್ಜಿನ ಸಾಲ ಮಾತ್ರ ಬಡ್ಡಿ ಕೂಡಿಸಿಕೊಂಡು ಬೆಳೆಯುತ್ತಲೇ ಇತ್ತು.

ದೆಹಲಿಗೆ ಹೊರಡುವುದಕ್ಕೆ ಸ್ವಲ್ಪ ದಿನ ಮೊದಲು ಅವನು ನನ್ನ ಮನೆಗೆ ಬಂದ. ಮುಖ ಬಾಡಿತ್ತು. "ಆಪಾ, ಇಷ್ಟು ದಿನ ಕಟ್ಟಿದ್ದೆಲ್ಲಾ ಬಡ್ಡೀಗೇ ಹೋಗೇತಂತ" ಎಂದ. ನಾನು ಬೈದುಬಿಟ್ಟೆ. ಕೇಳಬಾರದಾಗಿತ್ತೇನಲೇ, ಬಾಯಿ ಇರಲಿಲ್ಲೇನು ಎಂದು ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಸಿಕೊಳ್ಳಬೇಕಾದವಳು ನಾನು. ಅದು ಬೈಯುವಾಗಲೇ ಗೊತ್ತಿತ್ತು, ಆದರೂ ಬಾಯಿ ನಿಲ್ಲಲಿಲ್ಲ.

ಏಳುವಾಗ ಅವನು ಕೇಳಿದ್ದು ಒಂದೇ. "ಅಮ್ಮೀಗೆ ಹೇಳಬ್ಯಾಡ. ಬಡ್ಡಿ ಅಂತ ತಿಳೀತಂದ್ರ ಆಕಿ ನನ್ನ ಮನ್ಯಾಗ ನೀರೂ ಮುಟ್ಟೂದಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಬಡ್ಡಿ ಕೊಡುವುದೂ ತಿನ್ನುವುದೂ ಹರಾಮ್, ಧರ್ಮಕ್ಕೆ ನಿಷಿದ್ಧ. ಮಗ್ಗಕ್ಕೆಂದು ಸಂಘದ ಸಾಲ ಮನೆ ಬಾಗಿಲಿಗೆ ಬಂದಾಗಲೂ ಬಡ್ಡಿಯದು ಎಂದು ಖಾಲಾ ಒಲ್ಲೆನೆಂದವಳು. ತನ್ನ ತಂಗಿಯ ಗಂಡ ಬಡ್ಡಿಗೆ ಕೈ ಹಾಕಿದನೆಂದು ಆ ಮನೆಯ ಮದುವೆಯ ಊಟಕ್ಕೂ ಹೋಗದೆ ಕೂತವಳು. ಮಗನ ಮನೆಯ ಮೇಲೆ ಆಕೆಗೆ ಜೀವ. ಅಲ್ಲಿ ಮೊಮ್ಮಗಳಿದ್ದಾಳೆ. ಆ ಹೊಸಿಲು ಆಕೆಗೆ ತಪ್ಪಿಹೋದರೆ ತಪ್ಪಿಸಿದವಳು ನಾನಾಗುತ್ತಿದ್ದೆ. ಮೇಳ ಮುಗಿದ ಮೇಲೆ ಆ ಸಾಲ ನಾನೇ ತೀರಿಸುತ್ತೇನೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರೋಣ ಎಂದು ಅವನಿಗೆ ಹೇಳಿದೆ.

ಬೆಂಗಳೂರಿನಲ್ಲಿ ಇಳಿದಾಗ ಹೊತ್ತು ಮುಳುಗುವುದಿತ್ತು. ಲಾಂಜಿನ ಬಾಗಿಲಲ್ಲಿ ಕೂತ ಹುಡುಗಿ ನನ್ನ ಕಪ್ಪು ಕಾರ್ಡನ್ನು ಉಜ್ಜಿ ಇಬ್ಬರಿಗೂ ನಕ್ಕಳು. ಖಾಲಾ ಚಪ್ಪಲಿ ಬಿಡಲು ಬಗ್ಗಿದಳು, ನಾನು ಕೈ ಹಿಡಿದು ತಡೆದೆ. ಒಳಗೆ ತಟ್ಟೆಯ ತುಂಬ ಪಲಾವ್, ಹಣ್ಣು, ಬಿಸಿ ಬಿಸಿ ವಡೆ ಹಾಕಿಕೊಂಡು ತಂದು ಆಕೆಯ ಮುಂದಿಟ್ಟೆ. ಆಕೆ ಸೆರಗಿನ ಗಂಟಿನಿಂದ ಖಜೂರ್ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಹೊತ್ತಿಗೆ ಕಾಯುತ್ತ ಕೂತಳು.

"ಇದಕ್ಕ ಎಷ್ಟು ಕೊಟ್ಟಿಬೇ?"

"ಏನೂ ಕೊಟ್ಟಿಲ್ಲ ಖಾಲಾ. ಪುಕ್ಕಟೆ."

"ಯಾರರ ಪುಕ್ಕಟೆ ಉಣಸ್ತಾರೇನು? ಯಾರು ಕೊಟ್ಟಾರ ಹೇಳು. ರೋಜಾ ಇದರ ಮ್ಯಾಲೆ ಬಿಡಬೇಕು ನಾನು."

"ಬ್ಯಾಂಕಿನವರು ಕೊಡ್ತಾರ."

"ಬ್ಯಾಂಕಿನವರು ನಿನಗ ಏನ್ ಬೀಗರೇನು?"

ಬಾಜು ಕೂತವರು ತಿರುಗಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ, ಹೆದರಿಕೆಯಾಯಿತು. ಸುಳ್ಳು ಹೇಳುವುದಕ್ಕೆ ಹೋಗಿ ಅರ್ಧ ನಿಜ ಹೇಳಿದೆ. ನನ್ನ ಕಡೆಯಿಂದ ಒಬ್ಬ ಹುಡುಗ ಕಾರ್ಡಿಗೆ ಸೇರಿದ, ಅವನು ಸೇರಿದ್ದಕ್ಕೆ ನಮಗೆ ಈ ಊಟ ಎಂದೆ.

"ಯಾವ ಹುಡುಗ?"

"ಗುರ್ತಿನವ. ಕೆಲಸದ ಕಡೆಯವ."

"ಅವಗ ಬಡ್ಡಿ ಗಿಡ್ಡಿ ಏನೂ ಇಲ್ಲಲ್ಲ?"

"ಇಲ್ಲ ಖಾಲಾ."

ಇಷ್ಟು ಸಲೀಸಾಗಿ ಬಾಯಿಂದ ಬಂತು. ಇಡೀ ದಿನ ಒಂದು ಗುಟುಕು ನೀರಿಲ್ಲದೆ ಕೂತ ಹೆಂಗಸಿಗೆ, ಯಾವುದನ್ನು ಆಕೆ ಜೀವಮಾನವಿಡೀ ಮುಟ್ಟಲಿಲ್ಲವೋ ಅದನ್ನೇ ತಟ್ಟೆಗೆ ಬಡಿಸಿ, ಇಲ್ಲ ಎಂದುಬಿಟ್ಟೆ. ಏಳು ಖಾಲಾ, ಹೊರಗೆ ಹೋಗಿ ಎರಡು ಬಾಳೆಹಣ್ಣು ತಗೊಳ್ಳೋಣ ಎನ್ನಬಹುದಿತ್ತು. ಅಂದರೆ ಯಾಕೆ ಎಂದು ಕೇಳುತ್ತಿದ್ದಳು. ಆಗ ಮಗನ ಹೆಸರು ಹೇಳಬೇಕಾಗುತ್ತಿತ್ತು. ನಾನು ಏಳಲಿಲ್ಲ.

ಫೋನಿನಲ್ಲಿ ಅಜಾನ್ ಆಯಿತು. ಖಾಲಾ ಖಜೂರ್ ಬಾಯಿಗೆ ಹಾಕಿಕೊಂಡು ನೀರು ಕುಡಿದಳು, ನಿಧಾನವಾಗಿ ಪಲಾವ್ ಉಂಡಳು. ಉಪ್ಪು ಕಡಿಮೆ ಎಂದಳು. ಒಂದು ಅಗುಳನ್ನೂ ಬಿಡದೆ ತಟ್ಟೆ ಬರಿದು ಮಾಡಿದಳು. ನಾನು ಹಣ್ಣಿನ ಹೋಳನ್ನು ಆ ಕಡೆ ಈ ಕಡೆ ಸರಿಸುತ್ತ ಕೂತೆ.

ಇಫ್ತಾರ್ ಮಾಡಿಸಿದವರಿಗಾಗಿ ದೇವರಲ್ಲಿ ದುಆ ಕೇಳದೆ ನಮ್ಮವರು ಏಳುವುದಿಲ್ಲ. ಖಾಲಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಎತ್ತಿದಳು. ಆ ಮಂದಿಯ ನಡುವೆ, ವಿಮಾನ ಹೊರಟಿತು ಬನ್ನಿ ಎಂದು ಯಾರೋ ಕೂಗುತ್ತಿರುವಾಗ, ಕಣ್ಣು ಮುಚ್ಚಿ ಕೇಳಿಕೊಂಡಳು.

"ಯಾ ಅಲ್ಲಾ, ಆ ಹುಡುಗ ಯಾರರ ಇರಲಿ, ಅವನ ಗಳಿಕೀಗೆ ಬರಕತ್ ಕೊಡು. ಯಾರ ಋಣದಾಗೂ ಅವನ್ನ ಇಡಬ್ಯಾಡ. ಅವನ್ನ ಹೆತ್ತ ತಾಯಿ ಹೊಟ್ಟಿ ತಣ್ಣಗಿರಲಿ."

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಕೈ ಎತ್ತದೆ ಕೂತಿದ್ದೆ.

"ಆಮೀನ್ ಅನ್ನಬೇ" ಎಂದಳು. "ಪಾಪ, ಪರರ ಮಗ."

ನಾನು ಕೈ ಎತ್ತಿದೆ, ಆಮೀನ್ ಎಂದೆ.