ಟಪಾಲಿನವನ ರಜೆ

ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದರೆ ಪಕ್ಕದ ಮನೆಯ ಖಾಲಾ ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ, ತಲೆ ಬಗ್ಗಿಸಿ, ಕುಪ್ಪಸದ ತೋಳಿಗೆ ಕಣ್ಣು ತಿಕ್ಕಿಕೊಳ್ಳುತ್ತಿದ್ದರು. ಅವರ ಬೆರಳುಗಳಿಗೆ ಸದಾ ಮೆಣಸಿನಕಾಯಿಯ ಕೆಂಪು. ಹಬ್ಬಕ್ಕೆ ಹಚ್ಚಿದ ಮೆಹಂದಿಯೂ ಆ ಕೆಂಪಿನ ಮುಂದೆ ಸೋಲುತ್ತಿತ್ತು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎನ್ನುವವರು ಯಾರೂ ಆ ಕೈಯಿಂದ ಕಣ್ಣು ಮುಟ್ಟಿಕೊಂಡು ನೋಡಿದವರಲ್ಲ. ಈದ್ ದಿನ ಕೈ ತೊಳೆದು ಶೀರ್ ಕುರ್ಮಾ ಬಡಿಸುವಾಗಲೂ ಅವರು ಕಣ್ಣೊರೆಸುತ್ತಿದ್ದದ್ದು ತೋಳಿಗೇ. ಅಷ್ಟು ರೂಢಿ.

ಬ್ಯಾಡಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮಾರ್ಕೆಟಿನಿಂದ ಬಂದ ಚೀಲಗಳನ್ನು ಖಾಲಾ ತಮ್ಮ ಅಂಗಳದಲ್ಲಿ ಸುರುವಿಸುತ್ತಿದ್ದರು. ಓಣಿಯ ಹೆಂಗಸರು ರಾಶಿಯ ಸುತ್ತ ಕುಳಿತು ತುಂಬು ಬಿಡಿಸುತ್ತಿದ್ದರು, ಅಂದರೆ ಒಣಕಾಯಿಯ ತೊಟ್ಟು ಮುರಿದು ಬೇರೆ ಮಾಡುವುದು. ಅವರಲ್ಲಿ ನನ್ನ ಅವ್ವನೂ ಒಬ್ಬಳು; ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಕೂರುತ್ತಿದ್ದೆ. ಕೆಲಸ ಬೇಸರವಾಗದಿರಲೆಂದು ಖಾಲಾ ಟಿವಿಯನ್ನು ಹೊಸ್ತಿಲ ತನಕ ಎಳೆದು ಅಂಗಳಕ್ಕೆ ಮುಖ ಮಾಡಿ ಇಡುತ್ತಿದ್ದರು. ಕೇಬಲ್ ಬಂದ ಹೊಸತು. ಅದರಲ್ಲಿ ವಾರಕ್ಕೊಂದು ಸಂಜೆ ಆ ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು.

ಅದರ ಹೆಸರು ನಮಗ್ಯಾರಿಗೂ ಬೇಕಾಗಿರಲಿಲ್ಲ. ‘ಮಿಲಿಟರಿ ಅಡಗಿಮನಿ’ ಎಂದರೆ ಓಣಿಗೆಲ್ಲ ತಿಳಿಯುತ್ತಿತ್ತು. ಯಾವುದೋ ದೇಶದ ಹಳೇ ಯುದ್ಧ. ಗುಂಡಿನ ಸದ್ದು ದೂರದಲ್ಲಿ. ಇಲ್ಲಿ ಡೇರೆಯೊಳಗೆ ಒಬ್ಬ ದಪ್ಪ ಅಡುಗೆಯವ, ಒಬ್ಬ ಮೀಸೆಯ ಸಾಹೇಬ, ಮತ್ತೆ ಸೈಕಲ್ಲಿನ ಮೇಲೆ ಟಪಾಲು ತರುವ ಒಬ್ಬ ಸಣಕಲ ಸಿಪಾಯಿ. ಈ ಟಪಾಲಿನವ ಬಂದನೆಂದರೆ ಸೈಕಲ್ ಸಮೇತ ಸಾರಿನ ಪಾತ್ರೆಗೇ ಬೀಳುವುದು. ಅವರ ಮಾತು ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಖಾಲಾರಿಗೆ ತಿಳಿಯುತ್ತಿತ್ತು. ಅವರ ಅಬ್ಬಾ ಬೆಳಗಾವಿಯಲ್ಲಿ ಮಿಲಿಟರಿ ಮೆಸ್ಸಿನಲ್ಲಿ ಅಡುಗೆ ಮಾಡುವ ಬಾವರ್ಚಿ. ಸಾಹೇಬರ ಇಂಗ್ಲಿಷ್ ಬೈಗುಳ ಕೇಳುತ್ತಲೇ ಖಾಲಾ ದೊಡ್ಡವರಾಗಿದ್ದರು.

ಆದರೆ ತಿಳಿದದ್ದನ್ನು ಇದ್ದಂತೆ ಹೇಳಿದರೆ ಅವರು ಖಾಲಾ ಹೇಗಾದಾರು? ಸಾಹೇಬ ಬಾಯಿ ತೆರೆದರೆ ಇವರು ಶುರು. “ಏನಲೇ ಇದು, ಜುಣಕಾನೋ ಗ್ವಾಡಿಗೆ ಹಚ್ಚೋ ಸುಣ್ಣಾನೋ?” ಅಡುಗೆಯವ ತಲೆ ತಗ್ಗಿಸಿದರೆ, “ಸಾಹೇಬ್ರ, ಹಿಟ್ಟು ಐರಣಿಯಿಂದ ಬರಬೇಕ್ರಿ, ಹೊಳಿ ಬಂದೈತಿ, ದಾರಿ ಬಂದ್ ಆಗೈತ್ರಿ.” ವೈರಿಗಳ ವಿಮಾನ ಬಂದು ಎಲ್ಲರೂ ಮೇಜಿನ ಕೆಳಗೆ ನುಗ್ಗಿದರೆ, “ರಾಣೆಬೆನ್ನೂರ ಬಸ್ಸಿನ್ಯಾಗ ಸೀಟು ಹಿಡಿಯಾಕತ್ತಾರ ನೋಡ್ರಿ.” ನಾವು ಕಾಯಿ ಕೈಬಿಟ್ಟು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ನಗುವಿನಲ್ಲಿ ಮೈಮರೆತು ಯಾರಾದರೂ ಕಣ್ಣಿಗೆ ಕೈ ಒಯ್ದರೋ, ಮುಗಿಯಿತು, ಉಳಿದ ಕಥೆಯೆಲ್ಲ ಆಕೆಗೆ ಬಚ್ಚಲಲ್ಲೇ. “ದೇವರು ತೋಳು ಯಾಕ ಕೊಟ್ಟಾನ? ತೋಳಿಗೆ ಒರಸ್ಕೊಳ್ರಿ,” ಎಂದು ಖಾಲಾ ಹೊಸಬರಿಗೆ ಮೊದಲೇ ಪಾಠ ಹೇಳಿಬಿಡುತ್ತಿದ್ದರು.

ಆ ವರ್ಷ ನನ್ನ ಅಣ್ಣ ಗಡಿಯಲ್ಲಿದ್ದ. ಸೇನೆಗೆ ಸೇರಿ ಬಹಳ ದಿನವಾಗಿರಲಿಲ್ಲ. ಅಲ್ಲಿ ಗುಂಡು ಹಾರುತ್ತಿದೆ ಎಂಬ ಸುದ್ದಿ ಬಂದದ್ದೇ, ಅವನ ಪತ್ರಗಳು ನಿಂತವು. ಅವ್ವ ಊಟ ಬಿಟ್ಟಳು, ಮಾತು ಬಿಟ್ಟಳು. ಧಾರಾವಾಹಿಯ ಸಂಜೆ ಮಾತ್ರ ತಪ್ಪದೆ ಖಾಲಾರ ಅಂಗಳಕ್ಕೆ ಬರುತ್ತಿದ್ದಳು. ಟಪಾಲಿನವನ ಮೇಲೆ ಅವಳಿಗೆ ಜೀವ. “ಥೇಟ್ ನಮ್ಮಂವನಂಗ ಅದಾನ, ಮಾರಿ ನೋಡ್ರಿ,” ಎನ್ನುತ್ತಿದ್ದಳು. ನನಗಂತೂ ಯಾವ ಹೋಲಿಕೆಯೂ ಕಾಣುತ್ತಿರಲಿಲ್ಲ. ಅವನು ಸೈಕಲ್ಲಿನಿಂದ ಬಿದ್ದು, ಮೈ ಕೊಡವಿ ಎದ್ದರೆ ಅವ್ವನ ಮುಖ ಅರಳುತ್ತಿತ್ತು. ಅವತ್ತು ಮನೆಗೆ ಹೋಗಿ ಒಂದು ರೊಟ್ಟಿಯಾದರೂ ತಿನ್ನುತ್ತಿದ್ದಳು.

ಒಂದು ಸಂಜೆ ಟಪಾಲಿನವ ಬರಲೇ ಇಲ್ಲ. ಡೇರೆಯಲ್ಲಿ ಫೋನು ಬಡಿದುಕೊಂಡಿತು. ಅಡುಗೆಯವ ಎತ್ತಿದ. ಆ ಕಡೆಯ ದನಿ ಏನೋ ಹೇಳಿತು. ಇವನು ಫೋನು ಇಟ್ಟು ಉಳ್ಳಾಗಡ್ಡಿ ಹೆಚ್ಚತೊಡಗಿದ, ಹೆಚ್ಚುತ್ತ ಕಣ್ಣೊರೆಸಿಕೊಂಡ. ಉಳ್ಳಾಗಡ್ಡಿ ಕಣ್ಣಿಗೆ ಹತ್ತಿತೆಂದು ನಾವೆಲ್ಲ ನಕ್ಕೆವು. ಖಾಲಾ ತಲೆ ಬಗ್ಗಿಸಿ ಒಂದು ಕಾಯಿಯ ತುಂಬು ಮುರಿದರು.

“ಏನಂದ್ರು ಫೋನಿನ್ಯಾಗ? ಯಾಕ ಬರಲಿಲ್ಲಂತ ಅಂವ?” ಅವ್ವ ಕೇಳಿದಳು.

“ರಜಾ ಸಿಕ್ಕೈತಂತ,” ಖಾಲಾ ಅಂದರು. “ಊರಿಗೆ ಹೋಗ್ಯಾನಂತ. ಅವರವ್ವ ಹೋಳಿಗಿ ಮಾಡಿಟ್ಟು ದಾರಿ ನೋಡಾಕತ್ತಾಳಂತ.” ಹಾಗೆನ್ನುತ್ತಲೇ ಆ ಕೆಂಪು ಬೆರಳುಗಳಿಂದ ಎರಡೂ ಕಣ್ಣು ಉಜ್ಜಿಕೊಂಡುಬಿಟ್ಟರು.

ಅಂಗಳವೆಲ್ಲ ಗದ್ದಲ. ಊರಿಗೆಲ್ಲ ಪಾಠ ಹೇಳುವ ಖಾಲಾರೇ ಹೀಗೆ ಮಾಡಿಕೊಂಡರಲ್ಲ ಎಂದು ಒಬ್ಬಳು ನೀರಿಗೆ ಓಡಿದಳು, ಇನ್ನೊಬ್ಬಳು ಹಾಲಿಗೆ. ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ತೋಯಿಸಿಕೊಂಡು ಕುಳಿತ ಅವರನ್ನು ನೋಡಿ ಅವ್ವ ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು.

“ನಮ್ಮಂವಗೂ ರಜಾ ಸಿಗತೈತಿ ಬಿಡ್ರಿ ಖಾಲಾ.”

“ಸಿಗತೈತಿ ಅಕ್ಕಾ, ಯಾಕ ಸಿಗಂಗಿಲ್ಲ,” ಎಂದರು ಖಾಲಾ, ಕಣ್ಣು ತೆರೆಯದೆ. ಅವ್ವ ಅವತ್ತು ಹೊಟ್ಟೆ ತುಂಬ ಉಂಡಳು.

ಅಣ್ಣನಿಗೆ ರಜೆ ಸಿಕ್ಕಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡು, ಹಲ್ಲು ಕಿರಿಯುತ್ತ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದ. ಈಗ ರಾಣೆಬೆನ್ನೂರಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ಖಾಲಾ ತೀರಿಕೊಂಡು ಕೆಲವು ವರ್ಷಗಳಾದವು. ಹಾವೇರಿಯ ಆಸ್ಪತ್ರೆಯಿಂದ ಅವರ ದೇಹ ತಂದ ದಿನ ಓಣಿಯ ಹೆಂಗಸರೆಲ್ಲ ತೋಳಿಗೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆವು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಹೋದ ವಾರ ನನ್ನ ಮಗಳು ಫೋನಿನಲ್ಲಿ ಆ ಧಾರಾವಾಹಿ ಹುಡುಕಿ ಕೊಟ್ಟಳು. ನಾನು ಎದ್ದು ಕುಣಿಯುವುದೊಂದು ಬಾಕಿ. ಅದೇ ಡೇರೆ, ಅದೇ ಮೀಸೆ, ಸಾರಿನ ಪಾತ್ರೆಗೆ ಅದೇ ಸೈಕಲ್ಲು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಮಾತುಗಳೆಲ್ಲ ಈಗ ಕೆಳಗೆ ಕನ್ನಡ ಅಕ್ಷರದಲ್ಲಿ ಬರುತ್ತವೆ. ಅವುಗಳಿಗಿಂತ ನಮ್ಮ ಖಾಲಾರ ಮಾತೇ ಚೆನ್ನಾಗಿತ್ತೆಂದು ಮಗಳಿಗೆ ಹೇಳಿದ್ದೇ ಹೇಳಿದ್ದು. ಹೀಗೆ ನೋಡುತ್ತ ನೋಡುತ್ತ ಆ ಸಂಜೆಯ ಕಂತು ಬಂತು. ಫೋನು ಬಡಿದುಕೊಂಡಿತು. ಆ ಕಡೆಯ ದನಿ ಹೇಳಿದ್ದು ರಜೆಯ ಮಾತಲ್ಲ. ಟಪಾಲಿನವನ ಮೇಲೆ ದಾರಿಯಲ್ಲಿ ಗುಂಡು ಬಿದ್ದಿತ್ತು, ಅವನು ಸತ್ತಿದ್ದ. ಅಡುಗೆಯವ ಉಳ್ಳಾಗಡ್ಡಿ ಹೆಚ್ಚಲು ಕೂತದ್ದು ಅಳುವುದಕ್ಕೆ. ಖಾಲಾ ಕಣ್ಣಿಗೆ ಖಾರದ ಕೈ ಹಚ್ಚಿಕೊಂಡದ್ದೂ ಅದಕ್ಕೇ. ಅವ್ವನ ಎದುರು ಅಳಲು ಅವರಿಗೊಂದು ನೆಪ ಬೇಕಿತ್ತು.

ಅವ್ವ ಅಲ್ಲೇ ಮಂಚದ ಮೇಲೆ ಮಲಗಿದ್ದಳು. ಈಗ ಅವಳಿಗೆ ಕಣ್ಣು ಮಂಜು, ಕಿವಿ ಚುರುಕು. ಧಾರಾವಾಹಿಯ ಬ್ಯಾಂಡಿನ ಸದ್ದು ಕೇಳಿಯೇ ಗುರುತು ಹಿಡಿದಿದ್ದಳು.

“ಟಪಾಲಿನಂವ ಹೊಳ್ಳಿ ಬಂದನೇನಬೇ?”

“ಇಲ್ಲಬೇ,” ಎಂದೆ. “ಇನ್ನೂ ರಜಾದಾಗ ಅದಾನ.”

“ಇನ್ನೂನಾ? ಅದೆಷ್ಟ ರಜಾ ಕೊಟ್ಟಾರ ಅವಂಗ,” ಎಂದು ಅವ್ವ ನಗತೊಡಗಿದಳು.

ಅವತ್ತಿನ ಅಡುಗೆಗೆ ಉಳ್ಳಾಗಡ್ಡಿ ಬೇಕಿರಲಿಲ್ಲ. ಆದರೂ ಈಳಿಗೆ ಎಳೆದುಕೊಂಡು ಹೆಚ್ಚಲು ಕುಳಿತೆ.