ಬೆರಣಿ ಬಂಡೆಯ ಮೇಲಿನ ಲೆಕ್ಕ

ನನಗೂ ನನ್ನ ನಾದಿನಿಗೂ ಒಂದು ವರ್ಷದ ಅಂತರ. ನಾನು ದೊಡ್ಡವಳು. ಮದುವೆಯಾಗಿ ದೊಡ್ಡಬಳ್ಳಾಪುರ ಕಡೆಯ ಮಧುರೆ ಹತ್ತಿರದ ಆ ಹಳ್ಳಿಗೆ ಬಂದಾಗ ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅವಳು ಪುಸ್ತಕ ಹಿಡಿದು ಹೋಬಳಿ ಶಾಲೆಗೆ ಹೋಗುವವಳು. ಮೊದಮೊದಲು ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಕೊಡ ನೀರು ತಾ ಎಂದರೆ "ಓದೋದಿದೆ ಅತ್ಗೆ" ಎನ್ನುತ್ತಿದ್ದಳು. ಆಮೇಲೆ ನೋಡಿದರೆ ಆ ಮನೆಯಲ್ಲಿ ನನ್ನ ಜೊತೆ ನಗುವವಳು ಅವಳೊಬ್ಬಳೇ. ಹೊಂದಿಕೊಂಡೆ.

ಯುದ್ಧದ ಕಾಲ. ಸೀಮೆಣ್ಣೆ ಸಿಗುತ್ತಿರಲಿಲ್ಲ. ಕತ್ತಲಾದ ಮೇಲೆ ಓದುವುದು ನಿಂತೇ ಹೋಯಿತು. ಆ ವರ್ಷವೇ ಅವಳಿಗೆ ಲೋಯರ್ ಸೆಕೆಂಡರಿ ಪರೀಕ್ಷೆ. ಮೈಸೂರು ಸಂಸ್ಥಾನಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ. ಬರೆಯಲು ದೊಡ್ಡಬಳ್ಳಾಪುರಕ್ಕೆ ಹೋಗಬೇಕು. ಮಾವ ಮೊದಲೇ ಹೇಳಿಬಿಟ್ಟಿದ್ದರು.

"ಪಾಸಾದ್ರೆ ಮೇಷ್ಟ್ರು ಟ್ರೈನಿಂಗಿಗೆ ಕಳಿಸ್ತೀನಿ. ಫೇಲಾದ್ರೆ ಸಮೇತನಹಳ್ಳಿಯವ್ರು ಕೇಳ್ತಾವ್ರೆ, ತಾಳಿ ಕಟ್ಟಿಸ್ಕಂಡು ಹೋಗು. ಎರಡನೇ ಸಲ ಪರೀಕ್ಷೆ ಕಟ್ಟೋದು ಗಿಟ್ಟೋದು ಇಲ್ಲ."

ಸಮೇತನಹಳ್ಳಿಯವರು ಕೆಟ್ಟವರೇನಲ್ಲ, ಹೊಲ ಇದ್ದವರು. ಆದರೆ ಇವಳಿಗೆ ಮೇಷ್ಟ್ರಮ್ಮ ಆಗಬೇಕಿತ್ತು.

ಮಿಕ್ಕಿದ್ದೆಲ್ಲ ಅವಳಿಗೆ ಬರುತ್ತಿತ್ತು. ಲೆಕ್ಕದಲ್ಲಿ ಒಂದು ಜಾತಿಯದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಅವಿಭಾಜ್ಯ ಸಂಖ್ಯೆ. ಅಂದರೆ ಒಂದನ್ನು ಬಿಟ್ಟರೆ ತನ್ನಿಂದ ಮಾತ್ರ ಸರಿಯಾಗಿ ಭಾಗವಾಗುವುದು, ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದು.

ಬೆಳಗ್ಗೆ ಅವಳು ಶಾಲೆಗೆ ಹೋಗುವ ಮುಂಚೆ ನಾವಿಬ್ಬರೂ ಊರ ಹಿಂದಿನ ಬಂಡೆಯ ಮೇಲೆ ಬೆರಣಿ ತಟ್ಟುತ್ತಿದ್ದೆವು. ಸಾಲುಗಳೆಲ್ಲ ಸಮ ಇರಬೇಕು, ಇದು ಅತ್ತೆಯ ಕಟ್ಟಪ್ಪಣೆ. ಬಂಡೆ ಊರಿಗೆಲ್ಲ ಒಂದೇ. ಯಾರಾದರೂ ಒಂದು ಎತ್ತಿಕೊಂಡು ಹೋದರೆ ಸಾಲು ನೋಡಿದ ಕೂಡಲೇ ಗೊತ್ತಾಗಬೇಕು. ಒಂದೇ ಉದ್ದ ಸಾಲು ಹಾಕುವಂತಿಲ್ಲ, ಅದು ಪಕ್ಕದ ಮನೆಯವರ ಜಾಗಕ್ಕೆ ಹೋಗಿ ಜಗಳವಾಗುತ್ತದೆ. ಹನ್ನೆರಡು ಬಂದರೆ ಸುಖ, ಮೂರು ಸಾಲಾದರೂ ಸರಿ ನಾಲ್ಕಾದರೂ ಸರಿ. ಹದಿಮೂರು ಬಂದರೆ ಹೇಗಿಟ್ಟರೂ ಮಿಗುತ್ತದೆ. ಮಿಕ್ಕಿದ್ದನ್ನು ನಾನು ಮುರಿದು ಬೇರೆಯವಕ್ಕೆ ಮೆತ್ತಿಬಿಡುತ್ತಿದ್ದೆ.

ಒಂದು ದಿನ ಅವಳು ನನ್ನ ಕೈ ಹಿಡಿದಳು. "ಮುರೀಬೇಡ ಅತ್ಗೆ. ನಮ್ಮ ಮೇಷ್ಟ್ರು ಹೇಳೋದು ಇದನ್ನೇ!"

"ಸೆಗಣಿ ತಟ್ಟೋದನ್ನ ಹೇಳ್ಕೊಡಕ್ಕೆ ಮೇಷ್ಟ್ರು ಬೇರೆ ಬೇಕಾ?" ಎಂದೆ.

ಅಲ್ಲಿಂದ ಅವಳ ಲೆಕ್ಕವೆಲ್ಲ ಬಂಡೆಯ ಮೇಲೆ. ಇಪ್ಪತ್ತರೊಳಗೆ ಅಂಥವು ಎಂಟು ಎಂದು ಲೆಕ್ಕ ಹಾಕಿದಳು. ಪುಸ್ತಕದ ಹಿಂದೆ ಕೊಟ್ಟಿದ್ದ ಉತ್ತರವೂ ಎಂಟು. ಹಿಗ್ಗಿದಳು. ಮುಂದಿನ ಲೆಕ್ಕಕ್ಕೆ ಬಂದು ಸಿಕ್ಕಿಕೊಂಡಳು. ಅವತ್ತು ಸೆಗಣಿ ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋದಳು. ನಾನೇ ತಡೆದು ಸೆರಗು ಕೊಟ್ಟೆ.

"ಎರಡು ಅವಿಭಾಜ್ಯ ಕೂಡಿದ್ರೆ ಮೂವತ್ತೊಂಬತ್ತು ಬರ್ಬೇಕಂತೆ. ನಾನು ಯಾವ ಎರಡು ಕೂಡಿದ್ರೂ ಸಮ ಸಂಖ್ಯೆನೇ ಬರ್ತದೆ. ಪುಸ್ತಕದಲ್ಲೇ ತಪ್ಪಿರ್ಬೇಕು."

"ಯಾವ್ಯಾವ್ದು ಇಟ್ಕಂಡಿದ್ದೀಯ, ಹೇಳು."

ಬೆರಳು ಮಡಚಿದಳು. "ಲಾಭ, ಮೂರು, ಐದು, ಏಳು..."

ಲಾಭ ಎಂದರೆ ಒಂದು. ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ. ಶುಭವಾಗಲಿ ಎಂದು ಲಾಭ, ಎರಡು, ಮೂರು, ಹೀಗೆ ಸಾಗುತ್ತದೆ; ಲಾಭ ಬಿಟ್ಟು ಎಣಿಸಿದರೆ ಅಪಶಕುನ. ಅವಳು ಎಣಿಕೆ ಕಲಿತದ್ದು ಶಾಲೆಗಿಂತ ಮೊದಲು ಕಣದಲ್ಲಿ.

"ಎರಡು ಎಲ್ಲೇ ಹೋಯ್ತು?"

"ಅದು ಸಮ ಅಲ್ವಾ ಅತ್ಗೆ? ಸಮ ಸಂಖ್ಯೆ ಯಾವ್ದೂ ಬರಲ್ಲ."

"ಎರಡೇ ಎರಡು ತಟ್ಟು, ಎಷ್ಟು ಥರ ಇಡ್ತೀಯ ನೋಡ್ತೀನಿ." ಇದು ನನ್ನ ಬುದ್ಧಿಯ ಮಾತಲ್ಲ. ಕೆಲಸ ನಿಂತಿತ್ತು, ಅವಳ ಕೈ ಓಡಲಿ ಎಂದು ಹೇಳಿದ್ದು.

ತಟ್ಟಿದಳು. ಪಕ್ಕಪಕ್ಕ ಇಟ್ಟಳು. ಒಂದರ ಹಿಂದೆ ಒಂದು ಇಟ್ಟಳು. ಅಷ್ಟೇ, ಇನ್ನೊಂದು ದಾರಿಯಿಲ್ಲ. "ಹದಿಮೂರಕ್ಕೂ ಹಿಂಗೇ! ಅಡ್ಡಕ್ಕೊಂದು ಸಾಲು, ಇಲ್ಲಾ ಉದ್ದಕ್ಕೊಂದು ಸಾಲು. ಎರಡೇ ಥರ. ಅತ್ಗೆ, ಎರಡೂ ಬರ್ತದೆ! ಎರಡು, ಮೂವತ್ತೇಳು!" ಎಂದು ಕೂಗಿಕೊಂಡಳು. ಬಂಡೆಯ ಆಚೆ ಇದ್ದ ಎಮ್ಮೆ ಬೆದರಿತು.

ಕೂಗು ಮುಗಿಯುವಷ್ಟರಲ್ಲಿ ಮುಖ ಇಳಿಯಿತು. ಎರಡು ಸೇರಿದರೆ ಇಪ್ಪತ್ತರೊಳಗೆ ಒಂಬತ್ತಾಗುತ್ತವೆ, ಪುಸ್ತಕ ಎಂಟು ಎನ್ನುತ್ತದೆ. ಇಷ್ಟು ದಿನ ಬೇಡದ್ದೊಂದನ್ನು ಸೇರಿಸಿ, ಬೇಕಾದದ್ದೊಂದನ್ನು ಬಿಟ್ಟು, ಎಂಟು ತಂದುಕೊಂಡಿದ್ದಳು. ಒಂದೇ ಒಂದು ಬೆರಣಿ ಇಟ್ಟುಕೊಂಡು ಅಡ್ಡ ನೋಡಿದಳು, ಉದ್ದ ನೋಡಿದಳು.

"ಇದು ಹೆಂಗಿಟ್ರೂ ಒಂದೇ ಥರ," ಎಂದಳು ಮೆಲ್ಲಗೆ.

"ಹಂಗಾದ್ರೆ ಅದೇ ಆಚೆಗೆ."

"ಲಾಭಾನ ಆಚೆ ಹಾಕಿ ಎಣಿಸೋದಾ? ಅದೂ ಪರೀಕ್ಷೇಲಿ? ಅಪ್ಪನಿಗೆ ಗೊತ್ತಾದ್ರೆ ಚರ್ಮ ಸುಲೀತಾರೆ."

"ಪೇಪರ್ ತಿದ್ದೋರು ನಿಮ್ಮಪ್ಪ ಅಲ್ಲ ಕಣೆ."

ಪರೀಕ್ಷೆಗೆ ಮಾವ ಗಾಡಿ ಕಟ್ಟಿ ಅವಳನ್ನು ಕರೆದುಕೊಂಡು ಹೋದರು. ಲೆಕ್ಕದ ಪೇಪರಿನ ದಿನ ಅವಳು ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗಲೇ ಕೇಳಿದೆ.

"ಬಂದಿತ್ತು ಅತ್ಗೆ. ಈ ಸಲ ನಲವತ್ತೈದು ಕೇಳಿದ್ರು. ಎರಡು, ನಲವತ್ಮೂರು ಅಂತ ಬರ್ದೆ. ಮೂವತ್ತರೊಳಗಿರೋವೆಲ್ಲ ಬರೀರಿ ಅಂತಾನೂ ಇತ್ತು."

"ಒಂದನ್ನ ಬಿಟ್ಟೆ ತಾನೆ?"

ಅವಳು ನೀರು ಸುರಿದುಕೊಳ್ಳುತ್ತಲೇ ಇದ್ದಳು. "ಬಿಟ್ಟೆ. ಕೈ ಮುಂದೆ ಹೋಗ್ಲಿಲ್ಲ ಅಂತ ಹಾಳೆ ಮೂಲೇಲಿ ಸಣ್ಣಗೆ ಲಾಭ ಅಂತ ಬರೆದು, ಆಮೇಲೆ ಎರಡರಿಂದ ಶುರು ಮಾಡ್ದೆ."

"ಅಯ್ಯೋ ನಿನ್ನ! ತಿದ್ದೋನು ಏನಂದ್ಕೋತಾನೆ?"

"ಶ್ರೀಕಾರ ಹಾಕಲ್ವಾ, ಹಂಗೆ ಅಂದ್ಕೋತಾನೆ ಬಿಡು."

ಫಲಿತಾಂಶ ಬರುವವರೆಗೂ ನನಗೆ ಆ ಮೂಲೆಯದೇ ಚಿಂತೆ. ಮನೆಯಲ್ಲಿ ಯಾರಿಗೂ ಬಾಯಿಬಿಡಲಿಲ್ಲ. ಕೊನೆಗೆ ಪಾಸಾದಳು. ಸಮೇತನಹಳ್ಳಿಯವರು ಬೇರೆ ಕಡೆ ಹೆಣ್ಣು ತಂದರು. ಮಾವ ಮಾತು ಉಳಿಸಿಕೊಂಡರು.

ಟ್ರೈನಿಂಗಿಗೆಂದು ಬೆಂಗಳೂರಿಗೆ ಹೊರಡುವ ದಿನ ಅವಳ ಊಟಕ್ಕೆಂದು ಮಾವ ರಾಗಿ ಅಳೆದರು. ಚೀಲದ ಬಾಯಿ ಹಿಡಿದವರು ನಾವಿಬ್ಬರು. ಮೊದಲ ಕೊಳಗ ಸುರಿದು "ಲಾಭ" ಎಂದರು. ಅವಳು ನನ್ನ ತೊಡೆ ಚಿವುಟಿ, "ಅದು ಬರಲ್ಲ," ಎಂದು ಕಿವಿಯಲ್ಲಿ ಉಸುರಿದಳು. "ಬರ್ತದೆ, ಚೀಲ ಸರಿಯಾಗಿ ಹಿಡಿ," ಎಂದೆ. ನಗು ತಡೆಯಲಾರದೆ ಇಬ್ಬರೂ ಅಲುಗಿ ರಾಗಿ ಚೆಲ್ಲಿತು. ಮಾವ ಇಬ್ಬರಿಗೂ ಬೈದರು.

ಮಾರನೆಯ ಬೆಳಗ್ಗೆ ಒಬ್ಬಳೇ ತಟ್ಟಿದೆ. ಹದಿನೇಳು ಬಂದವು. ಮುರಿಯಲಿಲ್ಲ. ಬಂಡೆಯ ಉದ್ದಕ್ಕೂ ಒಂದೇ ಸಾಲು ಹಾಕಿದೆ.

"ಇದೇನೇ ಇದು, ಪಕ್ಕದವರ ಜಾಗಕ್ಕೆ ಹೋಗಿದ್ದೀಯಾ?" ಎಂದರು ಅತ್ತೆ.

"ಇವತ್ತೊಂದು ದಿನ ಇರ್ಲಿ ಬಿಡಿ," ಎಂದೆ. ಅವರು ಸಾಲನ್ನೂ ನನ್ನ ಮುಖವನ್ನೂ ನೋಡಿ, ಪಕ್ಕದ ಮನೆಯವಳ ಜೊತೆ ಜಗಳಕ್ಕೆ ತಾವೇ ಸೆರಗು ಸಿಕ್ಕಿಸಿಕೊಂಡರು.