ನೀಲವ್ವನ ಕಾರಿನ ನೀರಡಿಕಿ

ನಮ್ಮ ಮನ್ಯಾಗ ಮುಂಜಾನೆದ್ದು ಮೊದಲ ನೀರು ಕುಡಿಯೋರು ಯಾರು ಅಂತ ಕೇಳಿದ್ರ, ಹೋದ ವರ್ಷದ ತನಕ ನನ್ನ ಉತ್ತರ ಒಂದ ಇತ್ತು: ಕಾರು. ನಾನಲ್ಲ, ನಮ್ಮಾಕಿ ಅಲ್ಲ, ಅಂಗಳದಾಗಿನ ತುಳಸಿನೂ ಅಲ್ಲ. ತಂಬಿಗಿ ಹಿಡಕೊಂಡು ಹೋಗಿ, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಿರುವಿ, ಗಳಗಳ ಅಂತ ಹೊಯ್ದು, ಅದು ಸಾಕು ಅಂದ ಮ್ಯಾಲ ನನ್ನ ಚಹಾ. ಬೆಟಗೇರಿಯ ನಮ್ಮ ಓಣಿ ಮಂದಿ ಹಾಲಿಗೆ ಹೋಗೋವಾಗ ನನ್ನ ನೋಡಿ, "ಸರ, ಅಭಿಷೇಕ ಮುಗೀತೇನ್ರಿ?" ಅಂತ ನಗತಿದ್ರು. ನಾನೂ ನಗತಿದ್ದೆ. ಒಳಗೊಳಗ ಮಾತ್ರ ತಂಬಿಗಿ ಎಣಸತಿದ್ದೆ. ಯಾಕಂದ್ರ ಒಂದು ತಂಬಿಗಿ ಹೋಗಿ ಎರಡಾತು, ಎರಡು ಹೋಗಿ ಮೂರಾತು, ಆದ್ರ ಆ ನೀರೆಲ್ಲಾ ಎಲ್ಲಿ ಹೋಗತೈತಿ ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ. ಕಾರು ನಿಂತ ಜಾಗದಾಗ ಒಂದು ಹನಿ ಹಸಿ ಇಲ್ಲ!

ಇಲ್ಲೆ ಒಂದು ಮಾತು ಬಿಚ್ಚಿ ಹೇಳಿಬಿಡ್ತೀನಿ. ಕಾರು ನಂದಲ್ಲ, ನಮ್ಮಾಕಿ ನೀಲವ್ವಂದು. ನಾ ಹೈಸ್ಕೂಲಿನ್ಯಾಗ ಮೂವತ್ತು ವರ್ಷ ವಿಜ್ಞಾನ ಕಲಿಸಿಕೋತ, ಸೀಮೆಸುಣ್ಣದ ಧೂಳು ಕುಡಕೋತ ಕುಂತಾಗ, ಏಳನೆತ್ತೆಗೇ ಸಾಲಿ ಬಿಟ್ಟ ಈಕಿ ಬೆಟಗೇರಿ ಸೀರಿ ಗಂಟು ಬಗಲಾಗ ಇಟಗೊಂಡು ಕೆಂಪು ಬಸ್ ಹತ್ತಿ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅಂತ ಅಂಗಡಿ ಅಂಗಡಿ ತಿರಗತಿದ್ಲು. ಮೊದಲ ಅಂಗಡಿಯವರು ನೀರೂ ಕೇಳಲಿಲ್ಲಂತ. ಆಮ್ಯಾಲ ಕುರ್ಚಿ ಹಾಕಿದ್ರು. ಆಮ್ಯಾಲ "ಅಕ್ಕಾರ, ಈ ಸಲ ಯಾಕ ತಡಾ?" ಅನ್ನಾಕ ಹತ್ತಿದ್ರು. ಹಂಗ ದುಡದು ಆಕಿ ಈ ಡೀಸೆಲ್ ಕಾರು ಕೊಂಡದ್ದು. ಸೆಕೆಂಡ್ ಹ್ಯಾಂಡ್ ಖರೆ, ಆದ್ರ ನಮ್ಮ ಓಣಿಗೆ ಬಂದ ಮೊದಲನೇ ಕಾರು. ಆಕಿ ಅದರ ಮುಂದ ಟೆಂಗಿನಕಾಯಿ ಒಡದಾಗ ನಾ ಪಕ್ಕಕ್ಕ ಕೈಕಟಗೊಂಡು ನಿಂತಿದ್ದೆ, ಬೀಗರ ಮನ್ಯಾಗ ನಿಂತಂಗ. ಡ್ರೈವಿಂಗ್ ಕಲತದ್ದು ಆಮ್ಯಾಲ. ರಿಟೈರ್ ಆದಾಗಿಂದ ನಾನ ಆಕಿ ಡ್ರೈವರ್. ಪಗಾರ ಇಲ್ಲ, ಬೈಗಳ ಮಾತ್ರ ತಪ್ಪೂದಿಲ್ಲ.

ಕಾರಿಗೆ ವಯಸ್ಸಾತು. ವಯಸ್ಸಾದ ಡೀಸೆಲ್ ಕಾರು ಅಂದ್ರ ನನ್ನಂಥ ರಿಟೈರ್ಡ್ ಮಾಸ್ತರ ಇದ್ದಂಗ: ಚಾಲೂ ಆಗಾಕ ತಡ, ಆದ ಮ್ಯಾಲ ಸದ್ದು ಬಾಳ, ಸಣ್ಣದಕ್ಕೂ ತಲಿ ಕಾಯೂದು. ಏರಿನ್ಯಾಗ ಉಷ್ಣದ ಮುಳ್ಳು ಕೆಂಪಿಗೆ ಹೋಗಿ ಕುಂದರತಿತ್ತು. ಒಂದ್ಸಲ ಕಳಸಾಪುರದ ಹತ್ರ ಬಾನೆಟ್ ಸಂದಿಂದ ಹಬಿ ಎದ್ದು, ಗಾಡಿ ನಿಲ್ಲಿಸಿದ್ವಿ. ನಮ್ಮ ಕಡೆ ರಸ್ತೆದಾಗ ಹಬಿ ಬಿಡೋ ಕಾರು ನಿಂತ್ರ, ಐದು ನಿಮಿಷದಾಗ ಒಂದು ಕೊಡ ನೀರು, ಮೂರು ಮಂದಿ ಡಾಕ್ಟರು ಬಂದ ಬರ್ತಾರ. ಹೊಲದಿಂದ ಒಬ್ಬಾಕಿ ಕೊಡ ಹೊತಗೊಂಡು ಬಂದ್ಲು. ಎತ್ತಿನ ಗಾಡ್ಯಾಗಿನ ಅಜ್ಜ ಇಳದು ನೋಡಿ, "ಒಳಗ ಉಷ್ಣ ಆಗೈತಿ, ಬಡಬಡ ನೀರು ಹಾಕಬ್ಯಾಡ್ರಿ, ಆರಲಿ, ಕುಂಡ್ರಿ" ಅಂದ. ಅವಂದೊಬ್ಬಂದು ಸರಿ ಇತ್ತು. ಮುಂದ ಶಿರಹಟ್ಟಿ ಬಸ್ ಸ್ಟ್ಯಾಂಡ್ ಹತ್ರ ಚಹಾದಂಗಡಿಯವ ನೀರು ಕೊಟ್ಟ, ಲಕ್ಷ್ಮೇಶ್ವರದಾಗ ಅರವಿ ಅಂಗಡಿಯವ ಕೊಟ್ಟ. ಲೆಕ್ಕ ಹಾಕಿದ್ರ ನಮ್ಮ ಕಾರು ನೀರು ಕುಡಿಯದ ಊರ ಇಲ್ಲ.

ಈಗ ನೀರಿನ ವಿಷಯಕ್ಕ ಬರೂಣು, ಯಾಕಂದ್ರ ನನ್ನ ತಪ್ಪು ಇರೋದು ಇಲ್ಲೇ. ನಮ್ಮೂರಾಗ ನೀರು ಎರಡು ಜಾತಿ. ಒಂದು ಸೀ ನೀರು, ಹೊಳಿಯಿಂದ ನಳಕ್ಕ ಬರೋದು. ಎಂಟು ದಿನಕ್ಕೋ ಹತ್ತು ದಿನಕ್ಕೋ ನಳ ಬಂದ್ರ ಮನಿತುಂಬ ಹಬ್ಬ. ಕೊಡ, ಹಂಡೆ, ಕೊಳಗ, ಕಡೀಕ ಉಪ್ಪಿನಕಾಯಿ ಬರಣಿ ಸಹಿತ ತುಂಬಿಡೋದು. ಇನ್ನೊಂದು ಸವಳು ನೀರು, ಬೋರಿಂದು. ಮುಸುರಿಗೆ, ಅರವಿಗೆ, ಜಳಕಕ್ಕ ಅದು. ಸೀ ನೀರಾಗ ಕೈ ತೊಳದ್ರ ನಮ್ಮವ್ವ ಸೌಟಿನ ಹಿಡಿಕಿಲೆ ಕೊಡತಿದ್ಲು. ಹಂಗ ಬೆಳದವ ನಾ, ಕುಡಿಯೋ ನೀರು ತಗೊಂಡು ಹೋಗಿ ಕಾರಿಗೆ ಸುರೀಲೇನು? ಕೈನ ಏಳೂದಿಲ್ಲ! ವರ್ಷಾನುಗಟ್ಟಲೆ ಬೋರಿನ ಸವಳು ನೀರನ್ನ ಭಕ್ತಿಲೆ ಹೊಯ್ದೆ. ಕೂಲೆಂಟ್ ಅಂತ ಹಸರು ನೀರಿನ ಡಬ್ಬಿ ಬರ್ತೈತಿ, ಅದನ್ನ ಹಾಕ್ರಿ ಅಂತ ಮೆಕ್ಯಾನಿಕ್ ದಸ್ತಗೀರ ಹತ್ತು ಸಲ ಹೇಳಿದ್ದ. "ಬೋರಿನ ನೀರು ಇರೋವಾಗ ಅದ್ಯಾಕೋ?" ಅಂದಿದ್ದೆ. ಎಂಟನೆತ್ತೆ ಹುಡುಗೂರಿಗೆ ಗಡಸು ನೀರಿನ ಪಾಠ ಮಾಡಿದವ ನಾ. ಗಡಸು ನೀರು ಕಾಸಿದ್ರ ಪಾತ್ರಿ ಬುಡಕ್ಕ ಬಿಳಿ ಹೊಪ್ಪಳಿಕಿ ಕಟ್ಟತೈತಿ, ಬಾಯ್ಲರ್ ಕೆಡತೈತಿ ಅಂತ ಬೋರ್ಡ್ ಮ್ಯಾಲ ಚಿತ್ರಾ ತಗದು ಹೇಳಿದವ. ಮರುದಿನ ಮುಂಜಾನೆ ಅದ ಕೈಲೆ ಕಾರಿಗೆ ಸವಳು. ಪಾಠ ಸಾಲ್ಯಾಗ ಬಿಟ್ಟು ಮನಿಗೆ ಬರೋ ಮಾಸ್ತರ ಅಂದ್ರ ನಾನ.

ದಸ್ತಗೀರ ಗದಗಿನ್ಯಾಗ ಹೆಸರಾದ ಮೆಕ್ಯಾನಿಕ್. ಕಾರಿನ ಸದ್ದು ಕೇಳಿ ರೋಗ ಹೇಳೋ ಮನಿಷ್ಯಾ. ಅವ ಒಂದೊಂದ ಹುಡುಕಿದ. ರೇಡಿಯೇಟರಿನ ಮುಚ್ಚಳ ಸಡ್ಲ ಐತಿ ಅಂದ, ಹೊಸದು ಹಾಕಿದ. ನೀರು ಹೋಗೂದು ನಿಲ್ಲಲಿಲ್ಲ. ರಬ್ಬರ್ ಪೈಪು ಬದಲಿಸಿದ. ನಿಲ್ಲಲಿಲ್ಲ. ನೀರು ದೂಡೋ ಪಂಪಿನ ಕೆಳಗ ಬೆರಳು ಹಚ್ಚಿ ನೋಡಿದ, ಒಣಾ. ಕಾರಿನೊಳಗ ಕಾಲ ಕೆಳಗಿನ ಚಾಪಿ ಎತ್ತಿ ಮೂಸಿ ನೋಡಿದ, ಒಣಾ. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರಿಗೆ ಪಂಪಿಲೆ ಗಾಳಿ ತುಂಬಿ ಅರ್ಧ ತಾಸು ಬಿಟ್ಟ, ಒತ್ತಡದ ಮುಳ್ಳು ಹಂದಾಡಲಿಲ್ಲ. ಆಯಿಲ್ ತಗದು ನೋಡಿದ, ನೀರು ಬೆರೆತು ಹಾಲಿನಂಗ ಆಗಿರಲಿಲ್ಲ. ಹೊಗಿ ಬೆಳ್ಳಗ ಇರಲಿಲ್ಲ, ನೀರಿನ್ಯಾಗ ಗುಳ್ಳಿ ಏಳಲಿಲ್ಲ. ಕಡೀಕ ಕೈ ಒರಸಿಕೊಂಡು ಅಂದ: "ಸರ, ಹೊರಗ ಎಲ್ಲೂ ಸೋರವಲ್ತು. ಅಂದ್ರ ಒಳಗ ಹೊಂಟೈತಿ. ಇಂಜಿನ್ನಿನ ತಲಿ ಬಿಚ್ಚಬೇಕು. ಆದ್ರ ಈ ವಯಸ್ಸಿನ ಇಂಜಿನ್ ಬಿಚ್ಚಿದ್ರ ಮತ್ತ ಮೊದಲಿನಂಗ ಕೂಡತೈತಿ ಅಂತ ನಾ ಮಾತು ಕೊಡೂದಿಲ್ರಿ."

ಆಗ ನಾ ಎರಡನೇ ತಪ್ಪು ಮಾಡಿದೆ, ಮೊದಲನೇದಕ್ಕಿಂತ ದೊಡ್ಡದು. ಲಕ್ಷ್ಮೇಶ್ವರದಾಗ ಹಳೇ ಗಾಡಿ ಕೊಳ್ಳೋ ಬಸಣ್ಣ ಅಂತ ಒಬ್ಬಾಂವ ಅದಾನ. ಅವಂಗ ಫೋನ್ ಮಾಡಿ, "ಸೋಮವಾರ ಬಂದು ಒಯ್ಯಪಾ" ಅಂದುಬಿಟ್ಟೆ. ನೀಲವ್ವಗ ಕೇಳಲಿಲ್ಲ. ಕೇಳಿದ್ರ ಅಳ್ತಾಳ ಅಂತ ಅಂದಕೊಂಡೆ. ಇಷ್ಟು ವರ್ಷ ಜೋಡಿ ಬಾಳೇವು ಮಾಡಿನೂ ನನಗ ಆಕಿ ತಿಳದಿದ್ದು ಅಷ್ಟ ನೋಡ್ರಿ.

ರವಿವಾರ ಮುಂಜಾನೆ ಹೇಳಿದೆ. ಆಕಿ ಮುಂಡರಗಿಗೆ ಒಯ್ಯೋ ಸೀರಿ ಮಡಚಾಕ ಹತ್ತಿದ್ಲು. ಅಳಲಿಲ್ಲ. ಮಡಿಕಿ ಪೂರಾ ಮಾಡಿ, ಬದಿಗಿಟ್ಟು ಕೇಳಿದ್ಲು: "ಮಾತು ಕೊಟ್ರ್ಯಾ? ಯಾರ ಗಾಡಿ ಮ್ಯಾಲ ಯಾರು ಮಾತು ಕೊಟ್ರಿ?"

ಮೂವತ್ತು ವರ್ಷದಾಗ ಸಾಲಿ ನೋಡಾಕ ಬಂದ ಯಾವ ಇನ್ಸ್‌ಪೆಕ್ಟರೂ ನನಗ ಇಂಥಾ ಪ್ರಶ್ನೆ ಹಾಕಿರಲಿಲ್ಲ.

"ಬಸ್ಸಿನ್ಯಾಗ ಗಂಟು ಹೊತಗೊಂಡು ಹೋಗಾಕ ನನಗ ನಾಚಿಕಿ ಇಲ್ಲ," ಅಂದ್ಲು. "ಆದ್ರ ರೋಗ ಯಾವುದು ಅಂತ ತಿಳಿಯದ ಹೆಣಾ ಎತ್ತಾಕ ನಾ ಬಿಡೂದಿಲ್ಲ. ಗಾಡಿ ಹೊರಗ ತಗೀರಿ."

ತಗದೆ. "ಚಾಲೂ ಮಾಡ್ರಿ" ಅಂದ್ಲು. ಮಾಡಿದೆ. "ದಸ್ತಗೀರ ಗಾಳಿ ಹೊಡದು ನೋಡಿದಾಗ ಇಂಜಿನ್ ತಣ್ಣಗಿತ್ತೋ ಬಿಸಿ ಇತ್ತೋ?" ಅಂತ ಕೇಳಿದ್ಲು. ತಣ್ಣಗಿತ್ತು ಅಂದೆ. "ಮತ್ತ? ಹಾಲು ಉಕ್ಕೂದು ನೋಡಬೇಕಂದ್ರ ಒಲಿ ಮ್ಯಾಲ ಇಡಬೇಕೋ ಬ್ಯಾಡೋ? ಕಾಯಲಿ ಬಿಡ್ರಿ." ಇಪ್ಪತ್ತು ನಿಮಿಷ ಗುಡುಗುಡು ಅಂತ ಬಿಟ್ವಿ. ಓಣಿ ಮಂದಿ ಕಟ್ಟಿ ಮ್ಯಾಲ ಬಂದು ಕುಂತ್ರು. ಮುಳ್ಳು ಮ್ಯಾಲ ಏರಾಕ ಹತ್ತಿದ ಕೂಡಲೆ ಬಂದ್ ಮಾಡಿಸಿದ್ಲು. ಸೀರಿ ಸೆರಗು ಸೊಂಟಕ್ಕ ಸಿಗಿಸಿ, ಒಂದು ಕೈಯಾಗ ಟಾರ್ಚ್, ಇನ್ನೊಂದು ಕೈಯಾಗ ಕುಂಕುಮದ ಡಬ್ಬಿಯ ಸಣ್ಣ ಕನ್ನಡಿ ಹಿಡಕೊಂಡು ಬಗ್ಗಿದ್ಲು. ಮನಿಷ್ಯಾರ ಕಣ್ಣು ಹೋಗದ ಸಂದ್ಯಾಗೆಲ್ಲಾ ಕನ್ನಡಿ ಹೋತು. ಕೆಳಗ ಹೋತು, ಹಿಂದ ಹೋತು, ಹೊಗಿ ಪೈಪಿನ ಹಿಂದಿನ ಕತ್ತಲಿಗೆ ಹೋಗಿ, ಹಬಿ ಹಿಡದು ಮಸಕಾಗಿ ನಿಂತು ಬಿಡ್ತು. ಆಕಿ ಕನ್ನಡಿ ಒರಸಿ ಮತ್ತ ಹಿಡದ್ಲು.

"ಬರ್ರಿ ಇಲ್ಲೆ. ಇದು ಏನು ಕಾಣತೈತಿ ಹೇಳ್ರಿ."

ಬಗ್ಗಿ ನೋಡಿದೆ. ಕರೀ ಇಂಜಿನ್ ಮೈಮ್ಯಾಲ, ಬಟ್ಟಲದಂಥ ಒಂದು ದುಂಡನ ತಗಡಿನ ಮುಚ್ಚಳದ ಅಂಚಿಂದ ಕೆಳಗ, ಬೆರಳಗಲ ಬೆಳ್ಳನ ಗೀರು. ಒಣಗಿದ ಸುಣ್ಣದಂಗ, ಪದರ ಪದರ.

"ನಮ್ಮ ಹಂಡೆದ ಬುಡ ಇದ್ದಂಗ ಐತಿ," ಅಂದ್ಲು ನೀಲವ್ವ. "ಜಳಕದ ನಳದ ಬಾಯಿ ಇದ್ದಂಗ ಐತಿ. ಇದನ್ನ ತಿಕ್ಕಿ ತಿಕ್ಕಿ ನನ್ನ ಉಗುರು ಸವದಾವ, ನನಗ ಗುರುತು ಸಿಗೂದಿಲ್ಲೇನು? ಸವಳು ನೀರು ಎಲ್ಲಿ ಒಣಗತೈತೋ ಅಲ್ಲೆ ಇದು ಕಟ್ಟತೈತಿ. ಇಲ್ಲೆ ಕಟ್ಟೈತಿ ಅಂದ್ರ ನೀರು ಇಲ್ಲಿಂದ ಹೊಂಟೈತಿ."

ನಾ ಆದ್ರೂ ಮಾಸ್ತರ. "ಕ್ಯಾಲ್ಸಿಯಂ ಕಾರ್ಬೊನೇಟ್ ಇರಬಹುದು," ಅಂದೆ. ಆಕಿ ಇಂಜಿನ್ ಆರಿದ ಮ್ಯಾಲ ಒಂದು ಚೂರು ಕೆರೆದು ಬಟ್ಟಲಕ್ಕ ಹಾಕಿ, ಮ್ಯಾಲ ಅರ್ಧ ಲಿಂಬಿಹಣ್ಣು ಹಿಂಡಿದ್ಲು. ಜುರ್ ಅಂತ ನೊರಿ ಬಂತು. ವರ್ಷಾವರ್ಷ ನಾ ಹುಡುಗೂರ ಮುಂದ ಮಾಡಿ ತೋರಿಸಿದ ಪ್ರಯೋಗ ಅದು! ನನಗ ಅದರ ಹೆಸರು ಗೊತ್ತಿತ್ತು, ಆಕಿಗೆ ಅದರ ಮಾರಿ ಗೊತ್ತಿತ್ತು. ಕಟ್ಟಿ ಮ್ಯಾಲಿನ ಮಂದಿ ಚಪ್ಪಾಳಿ ಹೊಡದ್ರು. ನಾನೂ ಹೊಡದೆ, ಎಲ್ಲಾರಿಗಿಂತ ಜೋರಾಗಿ.

ದಸ್ತಗೀರಗ ಫೋನ್ ಹೋತು. ಅವ ಬಂದು ಗಾಡಿ ಕೆಳಗ ಮಲಗಿ, ಕೈ ಹಾಕಿ ತಡವಿ ನೋಡಿ, ಮಲಗಿದಲ್ಲೇ ನಗಾಕ ಹತ್ತಿದ. "ಅಕ್ಕಾರ, ಬರೋಬ್ಬರಿ ಹಿಡದೀರಿ! ಇಂಜಿನ್ ಒಳಗಿನ ನೀರಿನ ದಾರಿಗೆ ಬಡದ ಈ ಮುಚ್ಚಳ ತುಕ್ಕು ತಿಂದು ಹೋಗೈತ್ರಿ. ತಣ್ಣಗಿದ್ದಾಗ ಬಿಗಿಯಾಗಿ ಕುಂದರತೈತಿ, ಕಾದಾಗ ಬಾಯಿ ಬಿಡತೈತಿ. ಪಕ್ಕಕ್ಕ ಹೊಗಿ ಪೈಪು ಕೆಂಡ ಇದ್ದಂಗ. ಹೊರಗ ಬಂದ ನೀರು ನೆಲಕ್ಕ ಬೀಳೂಕಿಂತ ಮೊದಲ ಹಬಿ ಆಗಿ ಹೋಗತೈತಿ. ಅದಕ್ಕ ನನ್ನ ಕೈಗೆ ಒಂದು ಹನಿ ಸಿಕ್ಕಿಲ್ಲ." ಅವ ದೊಡ್ಡ ಮನಸ್ಸಿನಾಂವ. ತನ್ನ ಕೈಯಿಂದ ತಪ್ಪಿಸಿಕೊಂಡದ್ದು ಒಬ್ಬ ಹೆಣ್ಣಮಗಳ ಕೈಗೆ ಸಿಕ್ಕಿದ್ದಕ್ಕ ಖುಷಿ ಪಟ್ಟ. ಅವತ್ತಿಂದ ಅವನ ಗ್ಯಾರೇಜಿನ ಗೋಡೆಗೆ ಒಂದು ಸಣ್ಣ ಕನ್ನಡಿ ಜೋತುಬಿದ್ದೈತಿ.

ಹೊಗಿ ಪೈಪು ಬಿಚ್ಚಿ, ಹೊಸಾ ಮುಚ್ಚಳ ಬಡದು, ರೇಡಿಯೇಟರ್ ತೊಳಿಯೋದ್ರಾಗ ಸಂಜಿ ಆತು. ರೇಡಿಯೇಟರಿಂದ ಬಂದ ಬಿಳಿ ರಾಡಿ ನೋಡಿ ನಾ ತಲಿ ತಗ್ಗಿಸಿದೆ. ಮುಚ್ಚಳ ತಿಂದದ್ದೂ ಸವಳು ನೀರ, ಉಷ್ಣ ಏರಿಸಿದ್ದೂ ಅದ, ಕಡೀಕ ತನ್ನ ಕಳ್ಳತನ ತಾನ ಬರದಿಟ್ಟದ್ದೂ ಅದ. ಹೊಯ್ದಾಂವ ಮಾತ್ರ ನಾ. ದಸ್ತಗೀರ ಹಸರು ಕೂಲೆಂಟಿನ ಡಬ್ಬಿ ತಗದು, "ಇದಕ್ಕ ಬೆರಸಾಕ ಶುದ್ಧ ನೀರಿನ ಡಬ್ಬಿ ತರಬೇಕಿತ್ತು, ಅಂಗಡಿ ಬಾಗಲಾ ಹಾಕ್ಯಾವು. ಸದ್ಯಕ್ಕ ಸೀ ನೀರು ಕೊಡ್ರಿ" ಅಂದ.

ನಾ ನೀಲವ್ವನ ಮಾರಿ ನೋಡಿದೆ. ನಳ ಬರಾಕ ಇನ್ನೂ ನಾಕು ದಿನ ಇತ್ತು. ಆಕಿ ಒಳಗ ಹೋಗಿ, ತಾಮ್ರದ ಕೊಡದಾಗಿನ ಸೀ ನೀರು ಸೋಸಿ, ಅಂಚಿನ ತನಕ ತುಂಬಿದ ದೊಡ್ಡ ತಂಬಿಗಿ ತಂದ್ಲು. ಬಂದ ಬೀಗರಿಗೂ ಅಷ್ಟು ತುಂಬಿ ಕೊಟ್ಟದ್ದು ನಾ ನೋಡಿಲ್ಲ. "ನಮಗ ದುಡದು ಹಾಕಿದ್ದು ಅದು," ಅಂದ್ಲು. "ನಮ್ಮ ಹಂಗ ಕುಡೀಲಿ."

ಸೋಮವಾರ ಬಸಣ್ಣ ಬಂದ. ನೀಲವ್ವ ಸೀರಿ ಗಂಟು ಡಿಕ್ಕಿಗೆ ಹಾಕಿಕೋತ, "ಬರ್ರಿ, ಚಹಾ ಕುಡೀರಿ. ಗಾಡಿ ಒಯ್ಯಾಕ ಬಂದೀರಿ, ಒಂದೀಟು ಅದ್ರಾಗ ಕುಂತರ ನೋಡ್ರಿ, ಮುಂಡರಗಿಗೆ ಹೋಗಿ ಬರೂಣು" ಅಂದ್ಲು. ಅವ ಹಿಂದಿನ ಸೀಟಿನ್ಯಾಗ ಕುಂತ. ದಾರ್ಯಾಗ ಬಿಸಲು ಕಾದ ಹಂಚು ಆಗಿತ್ತು. ಏರು ಬಂತು, ಹೋತು. ನಟ್ಟನಡುವ ಕುಂತ ಉಷ್ಣದ ಮುಳ್ಳು ಹಂದಾಡಲಿಲ್ಲ. ಬಸಣ್ಣ ಮುಂದಕ್ಕ ಬಗ್ಗಿ ಬಗ್ಗಿ ಅದನ್ನ ನೋಡಿದ. ಮುಂಡರಗ್ಯಾಗ ಇಳದು ಕೇಳಿದ: "ಸರ, ಇಂಥಾ ಗಾಡಿ ಮಾರಾಕ ನಿಮಗ ಮನಸರ ಹೆಂಗ ಬಂತ್ರಿ?"

ನಾ ಬಾಯಿ ತೆಗಿಯೂಕಿಂತ ಮೊದಲ ನೀಲವ್ವ ಅಂದ್ಲು: "ಗಾಡಿ ಅವರದಲ್ರಿ, ನಂದು. ಅವರು ಡ್ರೈವರ್ ಇದ್ದಾರ."

"ಹೌದ್ರಿ, ನಾ ಅವರ ಡ್ರೈವರ್," ಅಂದೆ. ಬೀಳ್ಕೊಡೋ ದಿನ ಸಾಲ್ಯಾಗ ನನಗ ಶಾಲು ಹೊಚ್ಚಿ, ಹಾರಾ ಹಾಕಿ, ಬಾಳ ಹೊಗಳಿದ್ರು. ಅವತ್ತೂ ನನ್ನ ಎದಿ ಇಷ್ಟು ಉಬ್ಬಿರಲಿಲ್ಲ. ಖರೆ ಹೇಳ್ತೀನಿ.

ಈಗಲೂ ಮುಂಜಾನೆದ್ದು ರೂಢಿ ಮ್ಯಾಲ ತಂಬಿಗಿ ಹಿಡಕೊಂಡು ಹೋಗಿ ಬಾನೆಟ್ ಎತ್ತತೀನಿ. ನೀರು ಗೆರಿಗೆ ಸಮ ಇರತೈತಿ, ಕಾರಿಗೆ ನನ್ನ ಹಂಗಿಲ್ಲ. ತುಂಬಿದ ತಂಬಿಗಿ ಕೈಯಾಗ ಉಳೀತೈತಿ. ಚೆಲ್ಲಾಕ ಆಗೂದಿಲ್ಲ, ನಾ ಬೆಟಗೇರಿಯಾಂವ. ಒಳಗ ಒಯ್ದು ನೀಲವ್ವನ ಕೈಗೆ ಕೊಡ್ತೀನಿ. ಆಕಿ ನಿದ್ದಿಗಣ್ಣಾಗ ಗಟಗಟ ಕುಡದು, "ಇಷ್ಟು ವರ್ಷಕ್ಕ ಇವತ್ತರ ತಿಳೀತಲ್ಲ, ನೀರು ಯಾರಿಗೆ ಕೊಡಬೇಕಂತ" ಅಂತಾಳ. ದಿನಾ ಅದ ಮಾತು ಅಂತಾಳ. ತಂಬಿಗ್ಯಾಗ ಈಗ ಸೀ ನೀರ್ರಿ, ಸವಳಲ್ಲ.